ಅಪ್ಪನ ಹೆಸರಿನ ಒಂದು ‘ಎಚ್’

ಚೌತಿಗೆ ಒಂದು ವಾರ ಇರುವಾಗ ನನ್ನ ಕೆಲಸ ಹೋಯಿತು. 2024ರ ಆಗಸ್ಟ್ 31, ಶನಿವಾರ. ಮಂಗಳೂರು ಬೈಕಂಪಾಡಿಯ ಒಂದು ಪ್ಯಾಕಿಂಗ್ ಸಾಮಾನಿನ ಕಾರ್ಖಾನೆಯಲ್ಲಿ ಆರು ವರ್ಷ ಎರಡು ತಿಂಗಳು ಸ್ಟೋರ್ ನೋಡಿಕೊಂಡಿದ್ದೆ. ಕೇರಳದ ಗಡಿಯ ಮಂಜೇಶ್ವರದಿಂದ ಬೆಳಗಿನ ರೈಲು, ಮಂಗಳೂರಿನಿಂದ ಸಿಟಿ ಬಸ್ಸು, ರಾತ್ರಿ ಮನೆ ಮುಟ್ಟುವಾಗ ಎಂಟು. ಆ ದಿನ ಮಾತ್ರ ಮಧ್ಯಾಹ್ನವೇ ಮನೆಗೆ ಬಂದೆ. ಅಂಗಳದಲ್ಲಿ ಅಡಿಕೆ ಸಿಪ್ಪೆ ಗುಡಿಸುತ್ತಿದ್ದ ಅಪ್ಪ, “ಎಂತ ಮಗಾ, ರೈಲು ಬೇಗ ಬಂತಾ?” ಎಂದು ಕೇಳಿದರು. ಹೌದು ಎಂದೆ.

ಇದನ್ನು ಬರೆಯುತ್ತಿರುವುದು 2025ರ ಕೊನೆಯಲ್ಲಿ. ಕ್ರೆಡಿಟ್ ಕಾರ್ಡಿನ ಸಾಲದ ಕೊನೆಯ ಕಾಗದ ಕೈಸೇರಿ ಸ್ವಲ್ಪ ದಿನ ಆಯಿತು. ಈ ಒಂದೂಕಾಲು ವರ್ಷದಲ್ಲಿ ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಮೂವತ್ತು ಸಾವಿರವಾದರೂ ಉಳಿಯುತ್ತಿತ್ತು. ಗಡಿಯಾಚೆ ದುಡಿದು ಗಡಿಯೀಚೆ ಮಲಗುವ ನಮ್ಮಂಥವರು ಉಪ್ಪಳ, ಕುಂಬಳೆ, ಹೊಸಂಗಡಿಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರಿಗಾಗಿ ಇದು.

ಮೊದಲನೆಯ ವಿಷಯ ಕೆಲಸ ಹೋದ ದಿನದ್ದೇ. ಆಫೀಸಿನವರು ಒಂದು ಬಿಳಿ ಹಾಳೆ ಮುಂದಿಟ್ಟರು. “ಒಂದು ರಾಜೀನಾಮೆ ಬರೆದುಕೊಡಿ ಮೇಡಂ, ವೈಯಕ್ತಿಕ ಕಾರಣ ಅಂತ ಹಾಕಿ. ಮುಂದೆ ಬೇರೆ ಕಡೆ ಕೇಳುವಾಗ ನಿಮಗೇ ಒಳ್ಳೇದು.” ಪೆನ್ನು ಹಿಡಿದಾಗಿತ್ತು. ಕ್ವಾಲಿಟಿ ವಿಭಾಗದ ಗೆಳತಿ ಬಾಗಿಲ ಹತ್ತಿರ ನಿಂತು ತುಳುವಿನಲ್ಲಿ ಒಂದೇ ಮಾತು ಹೇಳಿದಳು. ಬರೆದರೆ ನೀನೇ ಬಿಟ್ಟ ಲೆಕ್ಕ, ಕಾರ್ಮಿಕರ ವಿಮೆ ಇ.ಎಸ್.ಐ.ಯಿಂದ ಸಿಗುವುದೂ ತಪ್ಪೀತು, ಎಂದು. ನಾನು ಬರೆಯಲಿಲ್ಲ. ಒಂದು ಗಂಟೆ ಕುಳಿತೆ. ಕೊನೆಗೆ ‘ಕೆಲಸವಿಲ್ಲದ ಕಾರಣ ಬಿಡುಗಡೆ’ ಎಂಬ ಅರ್ಥದ ಎರಡು ಸಾಲಿನ ಪತ್ರ, ಸೀಲು ಹಾಕಿ ಕೊಟ್ಟರು. ಆ ಎರಡು ಸಾಲು ಮುಂದೆ ನನಗೆ ಎಷ್ಟು ಕಡೆ ಉಪಯೋಗಕ್ಕೆ ಬಂತೆಂದರೆ, ಈಗಲೂ ರೇಷನ್ ಕಾರ್ಡಿನ ಜತೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದೇನೆ.

ಮನೆಯಲ್ಲಿ ರಾತ್ರಿ ಎರಡು ಕ್ರೆಡಿಟ್ ಕಾರ್ಡುಗಳ ಬಿಲ್ಲು ಹರಡಿ ಕೂತೆ. ಒಂದು, ಸಂಬಳದ ಖಾತೆ ಇದ್ದ ಬ್ಯಾಂಕು ತಾನಾಗಿ ಫೋನು ಮಾಡಿ ಕೊಟ್ಟದ್ದು. ಅದರಲ್ಲಿ 58,000. ಇನ್ನೊಂದು, ಫ್ರಿಜ್ ತೆಗೆಯಲು ಹೋದಾಗ ಅಂಗಡಿಯಲ್ಲೇ ಮಾಡಿಸಿಕೊಂಡದ್ದು. ಅದರಲ್ಲಿ 54,000. ಒಟ್ಟು 1,12,000. ಶೋಕಿಗೆ ಮಾಡಿದ ಸಾಲವಲ್ಲ ಎಂದು ಹೇಳಿಕೊಳ್ಳುವ ಚಾಳಿ ಎಲ್ಲರಿಗೂ ಉಂಟು, ನನಗೂ ಉಂಟು. ಮಾಡಿಗೆ ಶೀಟು, ಅಪ್ಪನ ಕಣ್ಣಿನ ಆಪರೇಷನ್, ಮಗಳ ಫೀಸು. ಎರಡು ವರ್ಷ ಕೊಳೆರೋಗದಲ್ಲಿ ಅಡಿಕೆ ಉದುರಿ ಕೈಯಲ್ಲಿ ಕಾಸು ಇರಲಿಲ್ಲ. ಆದರೆ ಫ್ರಿಜ್ ಡಬ್ಬಲ್ ಡೋರಿನದೇ ಆಗಬೇಕೆಂದು ಹಟ ಹಿಡಿದದ್ದು ನಾನೇ.

ಲೆಕ್ಕ ಹಾಕಿದೆ. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ. 1,12,000ಕ್ಕೆ 3,920 ರೂಪಾಯಿ. ಬಡ್ಡಿಯ ಮೇಲೆ ನೂರಕ್ಕೆ 18ರ ಜಿ.ಎಸ್.ಟಿ., ಅದು 705. ತಿಂಗಳಿಗೆ 4,625, ದಿನಕ್ಕೆ 154 ಚಿಲ್ಲರೆ. ಕನಿಷ್ಠ ಪಾವತಿ ಎಂದು ಬಿಲ್ಲಿನಲ್ಲಿ ದಪ್ಪಕ್ಷರದಲ್ಲಿ ಇದ್ದದ್ದು ಅಸಲಿನ ನೂರಕ್ಕೆ ಐದು, ಅಂದರೆ 5,600. ಕಟ್ಟಿದರೆ ಸಾಲ ಇಳಿಯುವುದು ಸಾವಿರವೂ ಇಲ್ಲ. ಆರು ವರ್ಷ ಸ್ಟೋರಿನಲ್ಲಿ ಒಂದು ಬೋಲ್ಟಿನ ಲೆಕ್ಕ ತಪ್ಪದ ನಾನು ಈ ಲೆಕ್ಕವನ್ನು ಅದುವರೆಗೆ ಹಾಕಿಯೇ ಇರಲಿಲ್ಲ.

ಆ ರಾತ್ರಿಯೇ ಬಳೆ ಅಡವಿಡಬೇಕಿತ್ತು. ಊರಿನ ಸೊಸೈಟಿಯಲ್ಲಿ ಚಿನ್ನದ ಸಾಲಕ್ಕೆ ವರ್ಷಕ್ಕೆ ನೂರಕ್ಕೆ ಹತ್ತರ ಆಸುಪಾಸು ಬಡ್ಡಿ, ಕಾರ್ಡಿಗೆ ವರ್ಷಕ್ಕೆ ನಲವತ್ತೆರಡು. ಆದರೆ ಬಳೆ ತೆಗೆದರೆ ನೆರೆಕರೆಗೆ ಗೊತ್ತಾಗುತ್ತದೆ, ಕಾರ್ಡಿನ ಬಾಕಿ ಯಾರಿಗೂ ಕಾಣುವುದಿಲ್ಲ. ಅದಕ್ಕೇ ಸೆಪ್ಟೆಂಬರಿನಲ್ಲಿ ಎರಡಕ್ಕೂ ಕನಿಷ್ಠ ಪಾವತಿ ಕಟ್ಟಿ, ಚೌತಿಗೆ ಕಡುಬು ಮಾಡಿ, ಎಲ್ಲ ಸರಿ ಉಂಟು ಎಂಬ ಹಾಗೆ ಇದ್ದೆ.

ಇನ್ನು ಬರಬೇಕಾದ ಹಣ. ನನಗೆ ಮೂರು ಕಡೆಯಿಂದ ಬರಬೇಕಿತ್ತು: ದುಡಿದ ವರ್ಷಗಳಿಗೆ ಕಂಪನಿ ಕೊಡುವ ಇಡಿಗಂಟು, ಅಂದರೆ ಗ್ರಾಚ್ಯುಟಿ; ಇ.ಎಸ್.ಐ. ನಿರುದ್ಯೋಗ ಭತ್ಯೆ; ಸಂಬಳದಿಂದ ಕಡಿದು ಕೂಡಿಟ್ಟ ಭವಿಷ್ಯನಿಧಿ, ಅಂದರೆ ಪಿ.ಎಫ್. ಸರಕಾರದಿಂದ ಬೇರೆ ಏನಾದರೂ ಉಂಟಾ ಎಂದೂ ನೋಡಿದೆ. ಕರ್ನಾಟಕದ ಯುವನಿಧಿ ಅಲ್ಲಿಯ ನಿವಾಸಿಗಳಿಗೆ. ಕೇರಳದ ನಿರುದ್ಯೋಗ ವೇತನ ತಿಂಗಳಿಗೆ 120 ರೂಪಾಯಿ, ಅದಕ್ಕೂ ವಯಸ್ಸಿನ ಮಿತಿ, ಆದಾಯದ ಮಿತಿ. ಕಾಸರಗೋಡಿಗೆ ಎರಡು ಸಲ ಹೋಗಿ ಬಂದರೆ ಅಷ್ಟು ಬಸ್ಸಿಗೇ ಬೇಕು. ಬಿಟ್ಟೆ.

ಗ್ರಾಚ್ಯುಟಿ ಸುಲಭ. ಆಗಿನ ನಿಯಮದಂತೆ ಐದು ವರ್ಷ ತುಂಬಿದವರಿಗೆ ಕೊನೆಯ ಮೂಲವೇತನವನ್ನು, ತುಟ್ಟಿಭತ್ಯೆ ಇದ್ದರೆ ಅದನ್ನೂ ಸೇರಿಸಿ, 15ರಿಂದ ಗುಣಿಸಿ 26ರಿಂದ ಭಾಗಿಸಿ ವರ್ಷಗಳಿಂದ ಗುಣಿಸುವುದು. ನನ್ನ ಮೂಲವೇತನ 14,000, ವರ್ಷ ಆರು, ಬಂದದ್ದು 48,461. ಮೇಲಿನ ಎರಡು ತಿಂಗಳು ಲೆಕ್ಕಕ್ಕಿಲ್ಲ, ಆರು ತಿಂಗಳು ಮೀರಿದ್ದರೆ ಒಂದು ವರ್ಷವೆಂದೇ ಹಿಡಿಯುತ್ತಿದ್ದರು. ಅರ್ಜಿಯನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿದೆ. ಮೂವತ್ತು ದಿನದೊಳಗೆ ಕೊಡಬೇಕಾದದ್ದು, ನವೆಂಬರಿನಲ್ಲಿ ಕೊಟ್ಟರು. ಕೆಲಸದಿಂದ ತೆಗೆದದ್ದಕ್ಕೆ ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ ಬೇರೆ ಪರಿಹಾರ ಕೊಡಬೇಕಿತ್ತು. ಅದು ಇನ್ನೂ ಬಂದಿಲ್ಲ, ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿದ್ದೇನೆ. ಅದು ಬೇರೆಯೇ ಕಥೆ.

ಆದರೆ ಗ್ರಾಚ್ಯುಟಿ ಬಂದ ಮರುದಿನ ಏನಾಯಿತು ಕೇಳಿ. ಹಣ ಬಂದದ್ದು ಸಂಬಳದ ಖಾತೆಗೆ. ಕಾರ್ಡು ಕೊಟ್ಟದ್ದೂ ಅದೇ ಬ್ಯಾಂಕು. ಅಕ್ಟೋಬರಿನಿಂದ ನಾನು ಕಟ್ಟುವುದನ್ನು ನಿಲ್ಲಿಸಿದ್ದೆ. ಬೆಳಗ್ಗೆ ಎ.ಟಿ.ಎಂ.ನಲ್ಲಿ ನೋಡಿದರೆ 38,000ಕ್ಕೆ ತಡೆ, ಅವರ ಭಾಷೆಯಲ್ಲಿ ‘ಲೀನ್’. ನನ್ನ ಕೈಗೆ ಸಿಗುವುದು ಹತ್ತು ಸಾವಿರ ಚಿಲ್ಲರೆ. ಎರಡು ದಿನ ಬಿಟ್ಟು ಆ ಹಣ ಕಾರ್ಡಿಗೆ ಜಮೆಯಾಯಿತು. ಮೋಸವೇನಲ್ಲ, ಕಾರ್ಡಿಗೆ ಸಹಿ ಹಾಕುವಾಗ ಒಪ್ಪಿದ ಕರಾರಿನಲ್ಲಿ ಅದು ಇತ್ತಂತೆ. ಸಾಲ ಇಳಿಯಿತು ಎಂಬುದೂ ನಿಜ. ಆದರೆ ಆ ತಿಂಗಳು ಮಗಳ ಶಾಲೆಗೆ, ಅಪ್ಪನ ಮದ್ದಿಗೆ ಎಂದು ತೆಗೆದಿಟ್ಟ ಯೋಚನೆಯೆಲ್ಲ ಅಲ್ಲಿಗೇ ಮುಗಿಯಿತು. ಕಾರ್ಡು ಬಾಕಿ ಇರುವ ಬ್ಯಾಂಕಿನ ಖಾತೆಗೆ ಯಾವ ಹಣವನ್ನೂ ತರಿಸಿಕೊಳ್ಳಬೇಡಿ. ನಾನು ಮರುದಿನವೇ ಊರಿನ ಇನ್ನೊಂದು ಬ್ಯಾಂಕಿನ ಹಳೇ ಖಾತೆಯನ್ನು ಇ.ಎಸ್.ಐ.ಗೆ ಕೊಟ್ಟೆ.

ಆಗ ಬುದ್ಧಿ ಬಂತು. ಡಿಸೆಂಬರಿನಲ್ಲಿ ಎರಡು ಬಳೆ ಸೊಸೈಟಿಗೆ ಹೋದವು, 30,000 ಸಿಕ್ಕಿತು, ಮೊದಲ ಕಾರ್ಡಿನ ಉಳಿಕೆ ತೀರಿಸಿದೆ. ನೆರೆಕರೆಯವರು ಏನೂ ಕೇಳಲಿಲ್ಲ. ಸೊಸೈಟಿಯ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದದ್ದೇ ಪಕ್ಕದ ಮನೆಯವರು.

ಇ.ಎಸ್.ಐ.ಯ ಯೋಜನೆಯ ಹೆಸರು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. ಕಾರ್ಖಾನೆಯಲ್ಲಿ ಇದರ ಹೆಸರು ಕೇಳಿದವರು ಹತ್ತರಲ್ಲಿ ಒಬ್ಬರಿಲ್ಲ. ತಿಂಗಳಿಗೆ 21,000ದೊಳಗೆ ಸಂಬಳ ಇದ್ದು ಇ.ಎಸ್.ಐ. ಕಡಿತವಾಗುವವರಿಗೆ ಮಾತ್ರ ಇದು. ಕೆಲಸ ಹೋಗುವ ಮೊದಲು ಎರಡು ವರ್ಷ ವಿಮೆಯಲ್ಲಿರಬೇಕು, ಕೊನೆಯ ವಂತಿಗೆ ಅವಧಿಯಲ್ಲಿ (ಆರು ತಿಂಗಳಿಗೆ ಒಂದು ಅವಧಿ) 78 ದಿನವಾದರೂ ವಂತಿಗೆ ಕಟ್ಟಿರಬೇಕು, ಅದರ ಹಿಂದಿನ ಮೂರು ಅವಧಿಗಳ ಪೈಕಿ ಒಂದರಲ್ಲೂ ಹಾಗೆಯೇ. ದುರ್ನಡತೆಗೆ ತೆಗೆದವರಿಗೆ, ಸ್ವಯಂ ನಿವೃತ್ತಿ ಪಡೆದವರಿಗೆ ಇಲ್ಲ. ಜೀವಮಾನದಲ್ಲಿ ಒಂದು ಸಲ, 90 ದಿನದವರೆಗೆ, ಸರಾಸರಿ ದಿನಗೂಲಿಯ ಅರ್ಧ. ಅವರು ಹಿಂದಿನ ನಾಲ್ಕು ಅವಧಿಗಳ ಒಟ್ಟು ಸಂಬಳವನ್ನು 730ರಿಂದ ಭಾಗಿಸುತ್ತಾರೆ. ನನ್ನದು ತಿಂಗಳಿಗೆ 18,000ದಂತೆ ದಿನಕ್ಕೆ 592, ಅರ್ಧ 296. ದಿನಕ್ಕೆ 296 ಭತ್ಯೆ, ದಿನಕ್ಕೆ 154 ಕಾರ್ಡಿನ ಬಡ್ಡಿ ಎಂದು ಡೈರಿಯಲ್ಲಿ ಅಕ್ಕಪಕ್ಕ ಬರೆದಿಟ್ಟದ್ದು ಇನ್ನೂ ಇದೆ.

ಕೆಲಸ ಹೋಗಿ ಮೂವತ್ತು ದಿನ ಕಳೆದ ಮೇಲೆ ಅರ್ಜಿ. ಇ.ಎಸ್.ಐ. ವೆಬ್‌ಸೈಟಿನಲ್ಲೇ ಹಾಕಬೇಕು. ಅದಕ್ಕೆ ಒ.ಟಿ.ಪಿ. ಬರುವುದು ಆಧಾರಿಗೆ ಸೇರಿಸಿದ ನಂಬರಿಗೆ. ನನ್ನ ಆಧಾರಿನಲ್ಲಿದ್ದದ್ದು ಮಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದಾಗಿನ ಸಿಮ್ಮು, ಅದು ಸತ್ತು ಎಷ್ಟೋ ವರ್ಷ. ಹೊಸಂಗಡಿಯ ಅಕ್ಷಯ ಕೇಂದ್ರದಲ್ಲಿ, ಅಂದರೆ ಕೇರಳದ ಆನ್‌ಲೈನ್ ಸೇವಾ ಕೇಂದ್ರದಲ್ಲಿ, ಸಾಲು ನಿಂತು 50 ರೂಪಾಯಿ ಕೊಟ್ಟು ನಂಬರು ಬದಲಿಸಿದೆ (2025ರ ಅಕ್ಟೋಬರಿನಿಂದ ಇದು 75 ಆಗಿದೆ). ಬದಲಾವಣೆ ಕಾಣಿಸಿಕೊಳ್ಳಲು ಒಂದು ವಾರ ಹಿಡಿಯಿತು. ಅಲ್ಲಿಯ ಹುಡುಗಿ ಬಲು ಒಳ್ಳೆಯವಳು. “ಚೇಚೀ, ಕರ್ನಾಟಕದ ಇ.ಎಸ್.ಐ. ನಮಗೆ ಅಭ್ಯಾಸ ಇಲ್ಲ” ಎನ್ನುತ್ತಲೇ ಪಕ್ಕದಲ್ಲಿ ಕೂರಿಸಿ ಫಾರಂ ತುಂಬಿಸಿದಳು. ಆಧಾರ್, ಪಾಸ್‌ಬುಕ್ಕು ಸ್ಕ್ಯಾನ್ ಮಾಡಿ ಹಾಕಿದರೆ ಛಾಪಾ ಕಾಗದದ ಅಫಿಡವಿಟ್ ಬೇಡ, 2020ರ ನವೆಂಬರಿನಿಂದಲೇ ಹಾಗೆ. ಇದು ಗೊತ್ತಿಲ್ಲದೆ ನಾನು ಮೊದಲೇ ನೋಟರಿಗೆ 200 ಕೊಟ್ಟು ಮಾಡಿಸಿಯಾಗಿತ್ತು.

ಮಂಗಳೂರಿನ ಶಾಖೆಗೆ ನಾಲ್ಕು ಸಲ ಹೋದೆ. ವಿಳಾಸ ಕೇರಳದ್ದು, ಕೆಲಸ ಕರ್ನಾಟಕದ್ದು, ಯಾವ ಶಾಖೆಗೆ ಸೇರಿದ್ದು ಎಂಬ ಪ್ರಶ್ನೆಗೇ ಎರಡು ಸಲ ಹೋಯಿತು. ಮುಂದಿನ ದಿನಗಳಿಗೆ ಮುಂಗಡ ಕೊಡುವುದಿಲ್ಲ, ಕಳೆದ ದಿನಗಳಿಗೆ ಮಾತ್ರ ಎಂದರು. ಜನವರಿ ಎರಡನೇ ವಾರ 26,630 ರೂಪಾಯಿ ಒಟ್ಟಿಗೆ ಬಂತು, ಈ ಸಲ ಊರಿನ ಖಾತೆಗೆ. ಆ ದಿನ ಬಂಗುಡೆ ತಂದೆವು.

ಈಗ ಪಿ.ಎಫ್. ನನ್ನ ಖಾತೆಯಲ್ಲಿ 1,46,000 ಇತ್ತು. ಅಂದರೆ ಎರಡೂ ಕಾರ್ಡು ತೀರಿಸಿ ಮಿಕ್ಕುವಷ್ಟು. ಆಗಿನ ನಿಯಮದಂತೆ ಕೆಲಸ ಹೋಗಿ ಒಂದು ತಿಂಗಳಿಗೆ ನೂರಕ್ಕೆ 75, ಎರಡು ತಿಂಗಳಿಗೆ ಉಳಿದದ್ದು. ಅಕ್ಟೋಬರಿನಲ್ಲಿ ಅರ್ಜಿ ಹಾಕಿದೆ. ಒಂಬತ್ತನೇ ದಿನ ತಿರಸ್ಕೃತ. ಕಾರಣ: ತಂದೆಯ ಹೆಸರು ತಾಳೆಯಾಗುತ್ತಿಲ್ಲ.

ಅಪ್ಪನ ಹೆಸರು ಇಲ್ಲಿ ಬೇಡ, ನಡುವೆ ಒಂದು ‘ತ’ ಇದೆ ಎಂದರೆ ಸಾಕು. ನಮ್ಮಲ್ಲಿ ಅದನ್ನು ಇಂಗ್ಲಿಷಿನಲ್ಲಿ ಟಿ ಬರೆದು ಎಚ್ ಹಾಕುತ್ತಾರೆ, ನನ್ನ ಪ್ಯಾನ್ ಕಾರ್ಡಿನಲ್ಲೂ ಹಾಗೇ ಇದೆ. ಕಾರ್ಖಾನೆಯಲ್ಲಿ ಯಾರೋ ಬರೀ ಟಿ ಹಾಕಿದ್ದಾರೆ. ಒಂದು ಎಚ್ ಕಡಿಮೆ.

“ನನ್ನ ಹೆಸರು ನಾನು ಬರೆದದ್ದಲ್ಲ ಮಗಾ, ಶಾಲೆಯ ಮಾಷ್ಟ್ರು ಬರೆದದ್ದು” ಎಂದರು ಅಪ್ಪ, ತಪ್ಪು ತಮ್ಮದೇ ಎಂಬ ಹಾಗೆ.

ತಿದ್ದಲು ನಾನು ಮತ್ತು ಕಂಪನಿ ಸೇರಿ ಜಂಟಿ ಘೋಷಣೆ ಕೊಡಬೇಕು. ನನ್ನ ಭಾಗ ಹತ್ತು ನಿಮಿಷದಲ್ಲಿ ಮುಗಿಯಿತು. ಕಂಪನಿಯಲ್ಲಿ ಆ ಕೆಲಸ ನೋಡುತ್ತಿದ್ದವರನ್ನೂ ತೆಗೆದಿದ್ದರು. ಡಿಜಿಟಲ್ ಸಹಿಯ ಅವಧಿ ಮುಗಿದಿದೆ, ಮುಂದಿನ ವಾರ ಎಂದರು. ಅಂಥ ಮುಂದಿನ ವಾರಗಳು ಅಕ್ಟೋಬರಿನಿಂದ ಜನವರಿಯವರೆಗೆ ಬಂದು ಹೋದವು. ಕೆಲಸ ಬಿಟ್ಟ ದಿನಾಂಕವನ್ನೂ ಅವರು ಹಾಕಿರಲಿಲ್ಲ. ಅದನ್ನು ಕೊನೆಯ ವಂತಿಗೆಯಾಗಿ ಎರಡು ತಿಂಗಳಾದ ಮೇಲೆ ನಾವೇ ವೆಬ್‌ಸೈಟಿನಲ್ಲಿ ಹಾಕಬಹುದು, ನಾನೇ ಹಾಕಿದೆ. ಎಚ್ ಮಾತ್ರ ಹಾಕುವಂತಿರಲಿಲ್ಲ.

ಈ ನಡುವೆ ಎರಡನೇ ಕಾರ್ಡಿನವರ ಫೋನು ಶುರುವಾಗಿತ್ತು. ಹಿಂದಿ, ಒಮ್ಮೊಮ್ಮೆ ಮಲಯಾಳ. ಬೆಳಗ್ಗೆ ಏಳಕ್ಕೆ, ರಾತ್ರಿ ಒಂಬತ್ತಕ್ಕೆ. ಕಾರ್ಡು ಮಾಡಿಸುವಾಗ ಅಪ್ಪನ ನಂಬರು ಕೊಟ್ಟಿದ್ದೆ, ಅದಕ್ಕೂ ಮಾಡುತ್ತಿದ್ದರು. ಅಪ್ಪನಿಗೆ ಫೋನಿನಲ್ಲಿ ಯಾರು ಗಟ್ಟಿಯಾಗಿ ಮಾತಾಡಿದರೂ ಪಿ.ಎಫ್. ಆಫೀಸಿನವರೇ. ತಮ್ಮ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ, ಎಚ್ ಬಂದಾಗ ಸ್ವಲ್ಪ ಒತ್ತಿ ಹೇಳುತ್ತಿದ್ದರು. ನಗು ಬರುತ್ತಿತ್ತು. ಆಮೇಲೆ ಬಚ್ಚಲಿಗೆ ಹೋಗಿ ಅಳುತ್ತಿದ್ದೆ.

ವಸೂಲಿಯವರು ಬೆಳಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ನಂತರ ಫೋನು ಮಾಡುವಂತಿಲ್ಲ, ಬೈದು ಬೆದರಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕು 2022ರಲ್ಲೇ ಸ್ಪಷ್ಟ ಮಾಡಿದೆ. ಗೊತ್ತಾದ ದಿನದಿಂದ ಪ್ರತಿ ಫೋನಿನ ದಿನ, ಗಂಟೆ, ನಂಬರು ಡೈರಿಗೆ ಏರಿಸಿದೆ. ಜನವರಿಯಲ್ಲಿ ಒಬ್ಬ ಬೈಕಿನಲ್ಲಿ ಮನೆಗೇ ಬಂದ. ಗುರುತಿನ ಚೀಟಿ ಮತ್ತು ಬ್ಯಾಂಕಿನ ಅಧಿಕಾರ ಪತ್ರ ತೋರಿಸಿ ಎಂದು ಕೇಳಿದೆ, ಕಾಲು ನಡುಗುತ್ತಿತ್ತು. ಬೈಕಿನಲ್ಲಿ ಉಂಟು ಎಂದು ಹೋದವ ತಿರುಗಿ ಬರಲಿಲ್ಲ.

ಡಿಸೆಂಬರ್ 20ಕ್ಕೆ ಸುಪ್ರೀಂ ಕೋರ್ಟಿನ ತೀರ್ಪೊಂದು ಬಂದಿತ್ತು. ಕಾರ್ಡಿನ ಬಡ್ಡಿ ವರ್ಷಕ್ಕೆ ನೂರಕ್ಕೆ 30 ಮೀರಬಾರದು ಎಂದು ಗ್ರಾಹಕರ ರಾಷ್ಟ್ರೀಯ ಆಯೋಗ 2008ರಲ್ಲಿ ಕೊಟ್ಟ ಆದೇಶವನ್ನು ಕೋರ್ಟು ತಳ್ಳಿಹಾಕಿತು. ಬಡ್ಡಿ ಜಾಸ್ತಿ ಎಂದು ವಾದಿಸಿ ಪ್ರಯೋಜನವಿಲ್ಲ ಎಂದು ಅದರಿಂದ ತಿಳಿದುಕೊಂಡೆ. ಹಾಗಾಗಿ ದೂರನ್ನು ಫೋನಿನ ವೇಳೆ ಮತ್ತು ತಡಪಾವತಿ ಶುಲ್ಕದ ಮೇಲೆ ಮಾತ್ರ ಬರೆದೆ. ಮೊದಲು ಬ್ಯಾಂಕಿಗೇ ಬರೆಯಬೇಕು. ಮೂವತ್ತು ದಿನ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ದೂರು ವಿಚಾರಿಸುವ ಅಧಿಕಾರಿ, ಅಂದರೆ ಓಂಬುಡ್ಸ್‌ಮನ್. ವೆಬ್‌ಸೈಟಿನಲ್ಲಿ ಹಾಕಬಹುದು, ಶುಲ್ಕ ಇಲ್ಲ, ಮಾಹಿತಿಗೆ 14448. ನಾನು ಎರಡೂ ಮಾಡಿದೆ. ಓಂಬುಡ್ಸ್‌ಮನ್‌ಗೆ ಹಾಕಿದ ಎಂಟನೇ ದಿನ ಬ್ಯಾಂಕಿನಿಂದ ಕನ್ನಡದಲ್ಲೇ ಫೋನು ಬಂತು. “ನಮಸ್ಕಾರ ಮೇಡಂ, ನಿಮಗೆ ತೊಂದರೆಯಾಗಿದ್ದಕ್ಕೆ...” ಎಂದು. ಅಷ್ಟು ಮರ್ಯಾದೆಯ ಮಾತು ನಾನು ಕೇಳಿ ಆರು ತಿಂಗಳಾಗಿತ್ತು.

ಎಚ್ ಬಂದದ್ದೂ ಜನವರಿಯಲ್ಲೇ. 2017ರ ಅಕ್ಟೋಬರ್ 1ರ ನಂತರ ಯು.ಎ.ಎನ್. (ಪಿ.ಎಫ್. ಸದಸ್ಯರ ಗುರುತಿನ ಸಂಖ್ಯೆ) ಪಡೆದವರು ಹೆಸರು, ತಂದೆತಾಯಿಯ ಹೆಸರು, ಸೇರಿದ ಮತ್ತು ಬಿಟ್ಟ ದಿನಾಂಕಗಳನ್ನು ಕಂಪನಿಯ ಒಪ್ಪಿಗೆ ಇಲ್ಲದೆ ತಾವೇ ತಿದ್ದಬಹುದು ಎಂದು ಪಿ.ಎಫ್. ಸಂಸ್ಥೆ ನಿಯಮ ಬದಲಿಸಿತು. ನನ್ನದು 2018ರದ್ದು. ಅಕ್ಷಯ ಕೇಂದ್ರದ ಹುಡುಗಿಯೇ ಫೋನು ಮಾಡಿ ಕರೆದಳು. ಒ.ಟಿ.ಪಿ. ಹಾಕಿ ಒಂದಕ್ಷರ ಸೇರಿಸಲು ಐದು ನಿಮಿಷ ಹಿಡಿಯಿತು. ಈ ಒಂದಕ್ಷರಕ್ಕೆ ಕಾದ ತಿಂಗಳುಗಳಲ್ಲಿ ಎರಡನೇ ಕಾರ್ಡಿನ 54,000 ಬಡ್ಡಿ, ತಡಶುಲ್ಕ, ತೆರಿಗೆ ಸೇರಿ 71,000 ಆಗಿತ್ತು.

ಫೆಬ್ರವರಿಯಲ್ಲಿ ಹೊಸ ಅರ್ಜಿ ಹಾಕಿದೆ, ಹನ್ನೆರಡನೇ ದಿನ ಹಣ ಬಂತು. ಐದು ವರ್ಷ ಮೀರಿದ ಸೇವೆಯಾದ್ದರಿಂದ ತೆರಿಗೆ ಕಡಿತ ಇರಲಿಲ್ಲ. ಪಿಂಚಣಿಯ ಭಾಗವನ್ನು ಮುಟ್ಟಲಿಲ್ಲ. ಈಗ ಕೆಲಸ ಕಳೆದುಕೊಂಡವರು ಮಾತ್ರ ನನ್ನ ಲೆಕ್ಕ ಹಿಡಿಯಬೇಡಿ. 2025ರ ಅಕ್ಟೋಬರಿನಲ್ಲಿ ಪಿ.ಎಫ್. ಮಂಡಳಿ ಬೇರೆ ತೀರ್ಮಾನ ಮಾಡಿದೆ: 75 ಭಾಗ ಕೂಡಲೇ, ಉಳಿದ 25 ಹನ್ನೆರಡು ತಿಂಗಳ ನಂತರ, ಪಿಂಚಣಿ ಭಾಗ 36 ತಿಂಗಳ ನಂತರ. ಅರ್ಜಿ ಹಾಕುವ ದಿನ ಯಾವುದು ಜಾರಿಯಲ್ಲಿದೆ ಎಂದು ನೋಡಿಕೊಳ್ಳಿ.

ಹಣ ಕೈಯಲ್ಲಿದ್ದಾಗ ಮಾತಿನ ಧಾಟಿಯೇ ಬೇರೆ. ಮೊದಲು ಬ್ಯಾಂಕು 34,000 ಕೊಟ್ಟರೆ ಮುಗಿಸುತ್ತೇವೆ ಎಂದಿತು. ಅರ್ಧಕ್ಕರ್ಧ ಉಳಿಯುತ್ತದೆ, ತೆಗೆದುಕೋ ಎಂದರು ನನ್ನ ಗಂಡ. ಆದರೆ ಹಾಗೆ ಮುಗಿಸಿದರೆ ಸಾಲದ ಚರಿತ್ರೆ ಹೇಳುವ ಸಿಬಿಲ್ ವರದಿಯಲ್ಲಿ ‘ಸೆಟಲ್ಡ್’ ಎಂದು ಬರೆಯುತ್ತಾರೆ, ಪೂರ್ತಿ ಕೊಡದೆ ಬಿಟ್ಟವರು ಎಂದು ಅರ್ಥ. ಇವರ ಗೂಡ್ಸ್ ಆಟೋಗೆ ಮುಂದೊಂದು ದಿನ ಸಾಲ ಬೇಕಾದೀತು, ಜಾಮೀನಿಗೆ ನಾನೇ ಬೇಕಾದೀತು. ಅಸಲು ಮತ್ತು ಬಡ್ಡಿಯ ಒಂದು ಭಾಗ ಕೊಡುತ್ತೇನೆ, ತಡಶುಲ್ಕ ಬಿಡಿ, ‘ಕ್ಲೋಸ್ಡ್’ ಎಂದು ಬರೆಯಿರಿ ಎಂದು ಮೂರು ವಾರ ಹಗ್ಗ ಎಳೆದೆ. 63,500ಕ್ಕೆ ಒಪ್ಪಿದರು. ಒಪ್ಪಿದ್ದನ್ನು ಈಮೇಲಿನಲ್ಲಿ ತರಿಸಿಕೊಂಡೇ ಮಾರ್ಚಿನಲ್ಲಿ ಕಟ್ಟಿದೆ. ಫೋನಿನ ಮಾತಿಗೆ ಒಂದು ಪೈಸೆ ಕಟ್ಟಬೇಡಿ. ಮುಂದೆ ಸಾಲ ಬೇಡವೇ ಬೇಡ ಎನ್ನುವವರು 34,000ಕ್ಕೆ ಒಪ್ಪಿದರೆ ಅದನ್ನೂ ತಪ್ಪೆನ್ನಲಾರೆ.

ಮೊದಲ ಕಾರ್ಡಿನಲ್ಲಿ ಬಾಕಿ ಇಲ್ಲದಿದ್ದರೂ ಮುಚ್ಚಲು ಸತಾಯಿಸಿದರು. ಅರ್ಜಿ ಕೊಟ್ಟ ಏಳು ಕೆಲಸದ ದಿನಗಳೊಳಗೆ ಮುಚ್ಚದಿದ್ದರೆ ದಿನಕ್ಕೆ 500 ರೂಪಾಯಿ ಗ್ರಾಹಕರಿಗೆ ಕೊಡಬೇಕೆಂಬ ನಿಯಮವನ್ನು ಒಂದು ಸಾಲಿನಲ್ಲಿ ನೆನಪಿಸಿದೆ. ಮರುದಿನ ಮುಚ್ಚಿದ ಪತ್ರ ಬಂತು.

ಎರಡನೆಯದು ಸಿಬಿಲ್‌ನಲ್ಲಿ ಜುಲೈವರೆಗೂ ಬಾಕಿ ಎಂದೇ ತೋರಿಸುತ್ತಿತ್ತು. ವರ್ಷಕ್ಕೊಂದು ಪೂರ್ತಿ ವರದಿ ಪುಕ್ಕಟೆ ಸಿಗುತ್ತದೆ, ಅದನ್ನು ತೆಗೆದು ತಕರಾರು ಹಾಕಿದೆ. ಮೂವತ್ತು ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಉಂಟು. ಸರಿಯಾದದ್ದು ನವೆಂಬರಿನಲ್ಲಿ. ಆ ಪರಿಹಾರಕ್ಕೆ ಬರೆದ ಪತ್ರಕ್ಕೆ ಇನ್ನೂ ಉತ್ತರ ಇಲ್ಲ.

ಮೇ ತಿಂಗಳಿನಿಂದ ಉಪ್ಪಳದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ. 14,000 ಸಂಬಳ, ರೈಲು ಹಿಡಿಯುವ ಓಟ ಇಲ್ಲ. ಸೇರುವ ದಿನ ಫಾರಂ ಕೊಟ್ಟರು. ತಂದೆಯ ಹೆಸರಿನ ಜಾಗದಲ್ಲಿ ಅವರು ಪೆನ್ನು ಹಿಡಿಯುವ ಮೊದಲೇ ಕೊಡಿ, ನಾನೇ ಬರೆಯುತ್ತೇನೆ ಎಂದೆ.

ಬಳೆಗಳು ಸೊಸೈಟಿಯಲ್ಲೇ ಇವೆ. ಇನ್ನು ಮೂರು ತಿಂಗಳ ಕಂತು.